ಉದ್ದಣ್ಣನ ಲಿವರ್

ಫೆಬ್ರವರಿ 4

ಪುಟ್ಟೀ,

ಈ ಕಾಗದವನ್ನು ನಿನಗೆ ಕಳಿಸುವುದಿಲ್ಲ. ಆದರೂ ನಿನ್ನ ಹೆಸರಿಗೇ ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳದೆ ಹೋದರೆ ಇವತ್ತು ನನ್ನ ಎದೆ ನಿಂತೇ ಹೋದೀತು. ಫೋನಿನಲ್ಲಾದರೆ ನನ್ನ 'ಹಲೋ' ಕೇಳಿಯೇ ಕಂಡುಹಿಡಿದುಬಿಡುತ್ತೀಯ.

ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದೆ. ಸ್ವಲ್ಪ ಕಾಲದಿಂದ ವಿಪರೀತ ಸುಸ್ತು, ಊಟ ಸೇರುತ್ತಿರಲಿಲ್ಲ. ಡಾಕ್ಟರಮ್ಮ ಪಕ್ಕೆಲುಬಿನ ಸಂದಿಯಲ್ಲಿ ಹಿಡಿಕೆಯಂಥದ್ದೊಂದನ್ನು ಒತ್ತಿ ಟಕ್ ಟಕ್ ಎಂದು ತಟ್ಟಿಸಿದರು. ಪರದೆ ನೋಡಿದರು. ಮತ್ತೆ ತಟ್ಟಿಸಿದರು. ಆಮೇಲೆ, "ಲಿವರ್ ಗಟ್ಟಿಯಾಗ್ತಾ ಇದೆ. ಕುಡೀತೀರಾ?" ಎಂದರು. ಇಲ್ಲ ಎಂದೆ. "ನಿಜ ಹೇಳಿ. ನಾನೇನು ನಿಮ್ಮ ಹೆಂಡ್ತಿ ಅಲ್ಲ" ಎಂದರು. ಒಂದು ತೊಟ್ಟು ಮುಟ್ಟಿದವನಲ್ಲ ನಾನು, ನಿನಗೆ ಗೊತ್ತು. ಕೆಲಸ ಏನೆಂದು ಕೇಳಿದರು. ಡ್ರೈಕ್ಲೀನಿಂಗ್ ಯಂತ್ರ ನೋಡಿಕೊಳ್ಳುತ್ತೇನೆ, ಅದರ ತಳದಲ್ಲಿ ಕೂರುವ ಕೆಸರನ್ನು ಬಾಚಿ ತೆಗೆಯುವುದೂ ನಾನೇ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಆ ಕೆಮಿಕಲ್‌ನಿಂದಲೇ ಇರಬಹುದು. ಮೊದ್ಲು ಅಲ್ಲಿಂದ ಹೊರಗೆ ಬನ್ನಿ. ಮುಂದಿನ ತಿಂಗಳು ತಪ್ಪದೆ ಬನ್ನಿ, ಇನ್ನೂ ಪರೀಕ್ಷೆ ಮಾಡ್ಬೇಕು" ಎಂದರು.

ನಿನ್ನತ್ತಿಗೆಗೆ ಗ್ಯಾಸ್ ಎಂದಿದ್ದೇನೆ. ಹೊತ್ತಿಗೆ ಸರಿಯಾಗಿ ತಿನ್ನದವರಿಗೆ ಬರದೆ ಇನ್ಯಾರಿಗೆ ಬರುತ್ತದೆ ಎಂದು ಬೈದು ಬಿಸಿನೀರು ಕೊಟ್ಟಳು. ಕುಡಿಯುವಾಗ ಲೋಟ ಹಲ್ಲಿಗೆ ತಗುಲಿ ಕಟಕಟ ಎಂದಿತು. ಚಳಿ ಎಂದೆ. ನೀನು ಓದಿದ್ದು ಲಿವರ್, ದಿನವಿಡೀ ನೋಡುವುದೂ ಲಿವರ್. ಈ ಲೋಕದಲ್ಲಿ ನಾನು ಕೇಳಬೇಕಾದವಳು ನೀನೊಬ್ಬಳೇ. ಕೇಳಲು ಧೈರ್ಯವಿಲ್ಲದವನೂ ನಾನೊಬ್ಬನೇ.

ಅಣ್ಣ


ಫೆಬ್ರವರಿ 4

ಪ್ರೀತಿಯ ಪುಟ್ಟೀ,

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನತ್ತಿಗೆ ಎಂದಿನಂತೆ ಬೈಯುತ್ತಾಳೆ, ಆದ್ದರಿಂದ ಅವಳೂ ಚೆನ್ನಾಗಿದ್ದಾಳೆ.

ಒಂದು ವಿಷಯ ಕೇಳುವುದಿತ್ತು. ನನ್ನ ಜೊತೆ ಯಂತ್ರದ ಮನೆಯಲ್ಲಿರುವ ಉದ್ದಣ್ಣ ನೆನಪಿದ್ದಾನಲ್ಲ? ಬಾಗಿಲಿಗೆ ಹಣೆ ತಗುಲಿಸದೆ ಒಳಗೆ ಬಂದದ್ದೇ ಇಲ್ಲ, ಅವನೇ. ಪಾಪ, ಅವನ ಲಿವರ್ ಗಟ್ಟಿಯಾಗುತ್ತಿದೆಯಂತೆ. "ನಿಮ್ಮ ತಂಗಿ ಅದನ್ನೇ ನೋಡ್ತಾರಲ್ಲ, ಒಂದು ಮಾತು ಕೇಳಿ" ಎಂದು ಗಂಟು ಬಿದ್ದಿದ್ದಾನೆ. ಗಟ್ಟಿಯಾದದ್ದು ಮತ್ತೆ ಸರಿಹೋಗುತ್ತದೆಯೇ? ಒಳಗೆ ಏನಾಗಿರುತ್ತದೆ? ಅವನಿಗೆ ತಿಳಿಯುವ ಹಾಗೆ ಬರೆ. ಹೆದರುಪುಕ್ಕಲ, ಬಹಳ ಯೋಚನೆ ಮಾಡುತ್ತಾನೆ.

ಅವಸರವೇನಿಲ್ಲ. ಆದರೂ ಬೇಗ ಬರೆ.

ನಿನ್ನ ಅಣ್ಣ


ಫೆಬ್ರವರಿ 19

ಅಣ್ಣಾ,

ಅಂತೂ ನನ್ನ ಕೆಲಸದ ಬಗ್ಗೆ ಕೇಳಲು ನಿನಗೆ ಉದ್ದಣ್ಣ ಬೇಕಾಯಿತು! ಇಷ್ಟು ವರ್ಷ "ಏನೋ ಗಾಜಿನ ಲೋಟ ತೊಳೀತಾಳೆ" ಎಂದುಕೊಂಡೇ ಇದ್ದೆಯಲ್ಲ. ಮೊದಲು ಅವನನ್ನು ಕೇಳು, ಸಂಜೆ ಹೊತ್ತು ಏನು ಏರಿಸುತ್ತಾನೆ ಎಂದು. ಲಿವರ್ ಸುಮ್ಮಸುಮ್ಮನೆ ಯಾರ ಮೇಲೂ ಮುನಿಸಿಕೊಳ್ಳುವುದಿಲ್ಲ.

ಈಗ ಪಾಠ. ಲಿವರ್‌ನ ಒಳಗೆ ಸಣ್ಣ ಸಣ್ಣ ರಕ್ತನಾಳಗಳಿವೆ. ಅವುಗಳ ಒಳಗೋಡೆಯ ಜೀವಕೋಶಗಳೇ ನನ್ನ ಹೊಟ್ಟೆಪಾಡು. ಬೇರೆ ಕಡೆಯ ರಕ್ತನಾಳದ ಗೋಡೆ ಮುಚ್ಚಿಕೊಂಡಿರುತ್ತದೆ. ಇವು ಹಾಗಲ್ಲ, ಮೈತುಂಬ ಕಿಂಡಿಗಳು, ಹಿಟ್ಟಿನ ಜರಡಿಯ ಹಾಗೆ. ರಕ್ತದಲ್ಲಿ ಬಂದದ್ದು ಆ ಕಿಂಡಿಗಳ ಮೂಲಕ ಲಿವರ್‌ಗೆ ಸೇರಬೇಕು. ಕಿಂಡಿ ಮುಚ್ಚಿತೋ, ಲಿವರ್‌ಗೆ ಉಪವಾಸ.

ಇವುಗಳ ಗುಣ ಏನೆಂದರೆ, ಕೂತ ನೆಲ ಹೇಗಿದೆಯೋ ಹಾಗಾಗುತ್ತವೆ. ಲಿವರ್ ಮೆತ್ತಗಿರುತ್ತದೆ, ಅಲ್ಲಿ ಕಿಂಡಿ ತೆರೆದಿರುತ್ತವೆ. ಅವನ್ನೇ ತಂದು ನಮ್ಮ ಗಟ್ಟಿ ಪ್ಲಾಸ್ಟಿಕ್ ಡಿಶ್‌ನಲ್ಲಿ ಬೆಳೆಸು, ನೋಡನೋಡುತ್ತಲೇ ಕಿಂಡಿ ಮುಚ್ಚಿಕೊಂಡು ಚಪ್ಪಟೆಯಾಗಿ ಮಲಗಿಬಿಡುತ್ತವೆ. ಗಟ್ಟಿಯಾದ ಲಿವರ್‌ನಲ್ಲೂ ಹೆಚ್ಚುಕಡಿಮೆ ಇದೇ ಕಥೆ.

ಮತ್ತೆ ಸರಿಹೋಗುತ್ತದೆಯೇ ಎಂದು ಕೇಳಿದೆಯಲ್ಲ, ನಾನು ಈಗ ಮಾಡಿ ಮುಗಿಸಿದ್ದೇ ಆ ಪ್ರಯೋಗ! ಮುಚ್ಚಿಕೊಂಡವನ್ನು ಪ್ಲಾಸ್ಟಿಕ್‌ನಿಂದ ಎತ್ತಿ ಮೆತ್ತನೆಯ ಜೆಲ್ ಮೇಲೆ ಹಾಕಿ ಕಾದೆ. ಒಂದೂ ತೆರೆಯಲಿಲ್ಲ. ಒಮ್ಮೆ ಮುಚ್ಚಿದರೆ ಮುಗಿಯಿತು, ಅಣ್ಣಾ, ಮತ್ತೆ ತೆರೆಯುವ ಜಾತಿಯೇ ಅಲ್ಲ. ಮುಂದಿನ ವಾರ ನಮ್ಮ ಲ್ಯಾಬ್ ನಡೆಸುವ ಮೇಡಂ ಎದುರಿಗೆ ಚಿತ್ರಗಳನ್ನಿಟ್ಟು ಇದನ್ನು ಹೇಳಬೇಕು. ಆ ಮೇಡಂ ನಗುವುದನ್ನು ಕಂಡವರಿಲ್ಲ.

ಅತ್ತಿಗೆಯನ್ನು ಕೇಳಿದೆ ಎಂದು ಹೇಳು.

ಪುಟ್ಟಿ


ಮಾರ್ಚ್ 6

ಪುಟ್ಟೀ,

ನಿನ್ನ ಕಾಗದ ಬಂತು. ಉದ್ದಣ್ಣನಿಗೆ ಓದಿ ಹೇಳಿದೆ. ಆಮೇಲೆ ಇನ್ನೊಮ್ಮೆ ಓದಿಸಿಕೊಂಡ.

ಅವನು ಕುಡಿಯುವುದಿಲ್ಲ. ಇದನ್ನು ನೀನು ನಂಬಬೇಕು. ಡಾಕ್ಟರೂ ಮೊದಲು ಅದನ್ನೇ ಕೇಳಿದರಂತೆ. ಲಿವರ್ ಎಂದ ಕೂಡಲೇ ಎಲ್ಲರೂ ಮುಖ ನೋಡುವ ರೀತಿಯೇ ಬೇರೆ. ಅದಕ್ಕೇ ಅವನು ಮನೆಯಲ್ಲಿಯೂ ಬಾಯಿ ಬಿಟ್ಟಿಲ್ಲ.

ಡಾಕ್ಟರು ಈ ಕೆಲಸ ಬಿಟ್ಟು ಹೊರಗೆ ಬಾ, ಮತ್ತೆ ಬಂದು ತೋರಿಸು ಎಂದಿದ್ದಾರಂತೆ. ಈಗ ಅವನು ಕೇಳುವುದಿಷ್ಟು: ಮುಚ್ಚಿದ್ದು ತೆರೆಯುವುದೇ ಇಲ್ಲವಾದರೆ ಬಿಟ್ಟು ಏನು ಪ್ರಯೋಜನ? ತೋರಿಸಿ ಏನು ಪ್ರಯೋಜನ? ನೀನು ಎತ್ತಿ ಮೆತ್ತನೆಯ ಜಾಗಕ್ಕೇ ಹಾಕಿದೆಯಲ್ಲ, ಆಗಲೂ ಒಂದಾದರೂ ತೆರೆಯಲಿಲ್ಲವೇ? ಸರಿಯಾಗಿ ನೋಡಿದೆಯಾ? ಕಣ್ಣು ತಪ್ಪಿ ಎಲ್ಲಾದರೂ ಒಂದು?

ಖಂಡಿತವಾಗಿ ಬರೆ. ನೀನು ಹೇಳಿದ್ದನ್ನೇ ಅವನು ನಂಬುತ್ತಾನೆ. ಡಾಕ್ಟರಿಗಿಂತ ಹೆಚ್ಚು.

ಅಣ್ಣ


ಮಾರ್ಚ್ 28

ಅಣ್ಣಾ,

ತಡವಾಯಿತು, ಬೈಯಬೇಡ. ಇಲ್ಲಿ ನನ್ನ ಗ್ರಹಚಾರ ಕೆಟ್ಟಿದೆ. ಮೇಡಂ ನನ್ನ ಚಿತ್ರಗಳನ್ನು ನೋಡಿ ಒಂದೇ ಪ್ರಶ್ನೆ ಕೇಳಿದರು, ನಾನು ಉತ್ತರ ಹೇಳಿದೆ, ಅವರು ಚಿತ್ರಗಳನ್ನು ನನ್ನ ಕಡೆಗೇ ತಳ್ಳಿದರು. ಬೈದಿದ್ದರೆ ಚೆನ್ನಾಗಿತ್ತು. ಅದು ಬೇರೆ ಕಥೆ, ಬರೆಯಲು ಕೂತರೆ ಅಳು ಬರುತ್ತದೆ. ನನ್ನನ್ನು ಇಲ್ಲಿ ಇಟ್ಟುಕೊಳ್ಳುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಊಟ ಇಳಿಯುತ್ತಿಲ್ಲ.

ಉದ್ದಣ್ಣ ಡಾಕ್ಟರು ಹೇಳಿದಂತೆ ಕೇಳಲಿ, ನನ್ನನ್ನೇನು ಕೇಳುತ್ತಾನೆ? ನಾನು ನೋಡುವುದು ಡಿಶ್ ಅಷ್ಟೇ. ಪಾಪ, ಮನೆಯವರಿಗೂ ಹೇಳದೆ ಒಬ್ಬನೇ ನುಂಗಿಕೊಂಡು ಕೂತಿದ್ದಾನೆ ಎಂದೆಯಲ್ಲ, ಅದು ಮಾತ್ರ ಮನಸ್ಸಿಗೆ ಕಷ್ಟವಾಯಿತು. ಅತ್ತಿಗೆಗೆ ಎರಡು ಸಾಲಿನ ಚೀಟಿ ಇದರೊಳಗೇ ಇಟ್ಟಿದ್ದೇನೆ, ಒಮ್ಮೆ ಹೋಗಿ ಮಾತಾಡಿಸಿಕೊಂಡು ಬರಲಿ ಎಂದು. ಮರೆಯದೆ ಕೊಡು.

ಪುಟ್ಟಿ


ಏಪ್ರಿಲ್ 30

ಪ್ರೀತಿಯ ಪುಟ್ಟೀ,

ನಿನ್ನನ್ನು ಇಟ್ಟುಕೊಳ್ಳದೆ ಎಲ್ಲಿಗೆ ಕಳಿಸುತ್ತಾರೆ? ನಿನ್ನಂಥ ಮೊಂಡಿ ಅವರಿಗೆ ಇನ್ನೆಲ್ಲಿ ಸಿಗುತ್ತಾಳೆ? ಹೊಟ್ಟೆ ತುಂಬ ಉಣ್ಣು. ಮೇಡಂ ನಗದಿದ್ದರೆ ನೀನೇ ನಗು.

ಇಲ್ಲಿ ದೊಡ್ಡ ಸುದ್ದಿಯೆಂದರೆ ನಿನ್ನತ್ತಿಗೆಗೆ ಸ್ಕೂಟರ್ ಕಲಿಸುತ್ತಿದ್ದೇನೆ. ಬೀದಿಯಲ್ಲಿರುವ ಗೋಡೆಗಳೆಲ್ಲ ಅವಳನ್ನು ಕಂಡರೆ ನಡುಗುತ್ತವೆ. "ಈ ವಯಸ್ಸಲ್ಲಿ ನಂಗ್ಯಾಕ್ರೀ ಇದು, ನೀವಿಲ್ವಾ?" ಎನ್ನುತ್ತಾಳೆ. ನಾನು ಹಿಂದೆ ಕೂತು "ಬ್ರೇಕ್, ಬ್ರೇಕ್" ಎಂದು ಕೂಗುತ್ತೇನೆ. ಫ್ಯೂಸ್ ಹಾಕುವುದನ್ನೂ ಹೇಳಿಕೊಟ್ಟೆ. ನೀರಿನ ಮೋಟರ್ ಕೈಕೊಟ್ಟರೆ ಯಾರನ್ನು ಕರೆಯಬೇಕೆಂದು ಗೋಡೆಯ ಮೇಲೆ ಬರೆದಿಟ್ಟಿದ್ದೇನೆ. ಗೊತ್ತಿರುವುದು ಒಳ್ಳೆಯದಲ್ಲವೇ.

ಉದ್ದಣ್ಣ ಆಸ್ಪತ್ರೆಗೆ ಹೋಗುವುದನ್ನು ಬಿಟ್ಟ. ಕೆಲಸವನ್ನೂ ಬಿಟ್ಟಿಲ್ಲ. ಹೋಗಿ ಏನು ಮಾಡಲಿ ಎನ್ನುತ್ತಾನೆ. ಒಮ್ಮೆ ಮುಚ್ಚಿದರೆ ಮುಗಿಯಿತು ಎಂದು ತಿಳಿದವರೇ ಹೇಳಿದ ಮೇಲೆ ಇರುವಷ್ಟು ಕಾಲ ದುಡಿದುಕೊಂಡಿರುವುದು ಮೇಲು ಎನ್ನುತ್ತಾನೆ. ಅವನಿಗೆ ಈಗ ಹೆದರಿಕೆಯೂ ಅಷ್ಟಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಸ್ವಲ್ಪ, ಆಮೇಲೆ ಇಲ್ಲ.

ನೀನು ಚೆನ್ನಾಗಿರು.

ಅಣ್ಣ


ಮೇ 15

ಅಣ್ಣಾ,

ಅತ್ತಿಗೆ ಸ್ಕೂಟರ್ ಮೇಲೆ! ಓದಿ ಓದಿ ನಕ್ಕೆ. ಬಸ್ಸಿನಲ್ಲಿ ಪಕ್ಕದವರು ಸರಿದು ಕೂತರು. ಇಷ್ಟು ವರ್ಷ ಆದ ಮೇಲೆ ಹೆಂಡತಿಯನ್ನು ಹೀಗೆ ಮುದ್ದು ಮಾಡಲು ಶುರು ಮಾಡಿದ್ದೀಯಲ್ಲ, ಏನು ಸಮಾಚಾರ?

ಆದರೆ ನಿನ್ನ ಅಕ್ಷರ ಯಾಕೋ ಓರೆಯಾಗಿದೆ. ಸಾಲುಗಳು ಕೆಳಗೆ ಜಾರಿವೆ. ಕನ್ನಡಕ ಬದಲಿಸಬೇಕೇನೋ, ತೋರಿಸಿಕೊ.

ಉದ್ದಣ್ಣನಿಗೆ ನನ್ನ ಹೆಸರಿನಲ್ಲಿ ಚೆನ್ನಾಗಿ ಬೈಯಿ. ನಾನು ಹೇಳಿದೆ ಎಂದು ಆಸ್ಪತ್ರೆ ಬಿಡುವುದೇ? ಆ ಕಿಂಡಿಯ ಪ್ರಯೋಗವನ್ನು ನಾವು ಬೇರೆ ರೀತಿಯಲ್ಲಿ ಮತ್ತೆ ಮಾಡುತ್ತಿದ್ದೇವೆ. ಮೇಡಂ ಪಕ್ಕದಲ್ಲೇ ನಿಂತು ಮಾಡಿಸುತ್ತಾರೆ. ಅದನ್ನೆಲ್ಲ ನಿನಗೆ ಬರೆದು ಯಾಕೆ ತಲೆ ತಿನ್ನಲಿ, ಬಂದಾಗ ಹೇಳುತ್ತೇನೆ.

ಪುಟ್ಟಿ


ಜೂನ್ 2

ನಾದಿನಿಗೆ ಅತ್ತಿಗೆಯ ಆಶೀರ್ವಾದ.

ನಾನು ಕಾಗದ ಬರೆಯುವವಳಲ್ಲ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮಣ್ಣ ಪಕ್ಕದ ಕೋಣೆಯಲ್ಲೇ ಇದ್ದಾರೆ.

ನೀನು ನನಗೆ ಬರೆದ ಚೀಟಿ ನಿಮ್ಮಣ್ಣ ಅಪರೂಪಕ್ಕೆ ಹಾಕುವ ಅಂಗಿಯ ಜೇಬಿನಲ್ಲಿತ್ತು. ಅಂಗಡಿಗೆ ಬಂದ ಬಟ್ಟೆಗಳಲ್ಲಿ ಊರವರ ಜೇಬೆಲ್ಲ ತಡಕಿ ತೆಗೆಯುವ ಮನುಷ್ಯ ತನ್ನ ಜೇಬು ನೋಡಿಕೊಳ್ಳಲಿಲ್ಲ. ನಾನು ಬಟ್ಟೆ ನೆನೆಸುವಾಗ ಸಿಕ್ಕಿತು. ಉದ್ದಣ್ಣನಿಗೆ ಹುಷಾರಿಲ್ಲ, ಹೋಗಿ ಮಾತಾಡಿಸಿ ಎಂದು ನೀನು ಬರೆದಿದ್ದೆ. ಪಾಪ ಎಂದು ಹಣ್ಣು ತೆಗೆದುಕೊಂಡು ಹೋದೆ. ಅವರು ಏಣಿಯ ಹಂಗಿಲ್ಲದೆ ಸೀಲಿಂಗ್ ಫ್ಯಾನ್ ಒರೆಸುತ್ತಿದ್ದರು. "ಲಿವರ್ ಹೇಗಿದೆ?" ಎಂದು ಕೇಳಿದೆ. "ನನ್ನ ಲಿವರ್‌ಗೆ ಏನಾಗಿದೆ? ಕಲ್ಲು ತಿಂದ್ರೂ ಕರಗುತ್ತೆ" ಎಂದು ನಕ್ಕರು. ನಾನೂ ನಕ್ಕೆ. ಆಮೇಲೆ ಇಬ್ಬರೂ ನಗುವುದನ್ನು ನಿಲ್ಲಿಸಿದೆವು. "ಅವ್ರು ಈಚೆಗೆ ಕೆಸರು ತೆಗೆಯುವಾಗ ಎರಡೆರಡು ಸಲ ಕೂತ್ಕೋತಾರೆ. ನಾನು ತೆಗೀತೀನಿ ಬಿಡಿ ಅಂದ್ರೆ ಬಿಡಲ್ಲ" ಎಂದರು.

ಹಣ್ಣನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಎದುರಿಗೆ ನಿಂತು ಕೇಳಿದೆ. ಮೊದಲು ಸಿಟ್ಟು ಮಾಡಿದರು. ಆಮೇಲೆ ಕುರ್ಚಿ ಹಿಡಿದುಕೊಂಡು ಕೂತರು. ನಿನ್ನ ಕಾಗದವನ್ನು ತೋರಿಸಿದರು. "ನೋಡು, ಪುಟ್ಟೀನೇ ಬರೆದಿದ್ದಾಳೆ, ಒಂದೂ ತೆರೆಯಲಿಲ್ಲ ಅಂತ. ಇನ್ನು ಯಾವ ಡಾಕ್ಟರು ಏನು ಮಾಡ್ತಾರೆ?" ಎಂದರು. ನಾನು ಓದಿದೆ. ನನಗೆ ಅರ್ಥವಾಗಲಿಲ್ಲ. ಅರ್ಥವಾದದ್ದು ಇಷ್ಟೇ, ಸ್ಕೂಟರನ್ನು ಯಾಕೆ ಕಲಿಸಿದರು ಎಂದು.

ನಿನ್ನ ಮೇಲೆ ನನಗೆ ಕೋಪ ಬಂದಿದೆ. ನೀನು ಗೊತ್ತಿಲ್ಲದೆ ಬರೆದೆ, ಅದೂ ಗೊತ್ತು. ನಿನ್ನನ್ನು ಕರೆಸುತ್ತೇನೆ ಎಂದರೆ ಬೇಡವೇ ಬೇಡ ಎನ್ನುತ್ತಾರೆ, ಅವಳ ಮುಖ ನೋಡಿದರೆ ನಾನು ಕುಸಿದುಬೀಳುತ್ತೇನೆ ಎನ್ನುತ್ತಾರೆ. ನೀನು ಬರೆದದ್ದು ನಿಜವೋ ಸುಳ್ಳೋ ಅವರಿಗೆ ನೀನೇ ಹೇಳಬೇಕು. ನನ್ನ ಮಾತು ಕೇಳುತ್ತಿಲ್ಲ.

ಅತ್ತಿಗೆ


ಜೂನ್ 9

ಅಣ್ಣಾ,

ಫೋನು ಎತ್ತು. ದಯವಿಟ್ಟು ಎತ್ತು. ಎತ್ತುವುದಿಲ್ಲವಾದರೆ ಇದನ್ನು ಕೊನೆಯವರೆಗೆ ಓದು, ನಡುವೆ ಮಡಚಿಡಬೇಡ.

ನಾನು ಬರೆದದ್ದು ತಪ್ಪು. ಆ ಪ್ರಯೋಗವೇ ತಪ್ಪು.

ಮೇಡಂ ಅವತ್ತು ಕೇಳಿದ ಪ್ರಶ್ನೆ, "ಪ್ಲಾಸ್ಟಿಕ್‌ನಿಂದ ಹೇಗೆ ಎತ್ತಿದೆ?" ಎಂದು. ಎಲ್ಲರೂ ಎತ್ತುವ ಹಾಗೆಯೇ, ಅಂಟು ಕರಗಿಸುವ ಎಂಜೈಮ್ ಹಾಕಿ ಬಿಡಿಸಿದೆ ಎಂದೆ. ಬೇರೆ ಜೀವಕೋಶಗಳನ್ನು ನಾವು ದಿನವೂ ಹಾಗೆ ಬಿಡಿಸುತ್ತೇವೆ, ಏನೂ ಆಗುವುದಿಲ್ಲ. ಇವು ತಡೆಯುವುದಿಲ್ಲ. ಕಿತ್ತ ಪೆಟ್ಟಿಗೇ ಅರ್ಧಜೀವವಾಗಿದ್ದವು. ಅಂಥವನ್ನು ಒಯ್ದು ಮೆತ್ತನೆಯ ಜೆಲ್ ಮೇಲೆ ಹಾಕಿ, ತೆರೆಯಲಿಲ್ಲ, ಆದ್ದರಿಂದ ತೆರೆಯುವ ಜಾತಿಯಲ್ಲ ಎಂದು ತೀರ್ಪು ಕೊಟ್ಟೆ. ಕಾಲು ಮುರಿದು ಹಾಸಿಗೆಯ ಮೇಲೆ ಮಲಗಿಸಿ, ಎದ್ದು ಓಡುತ್ತಿಲ್ಲ ಎಂದ ಹಾಗೆ.

ಇದು ನನಗೆ ಮಾರ್ಚ್‌ನಲ್ಲೇ ಗೊತ್ತಾಗಿತ್ತು, ಅಣ್ಣಾ. ನಿನಗೆ ಬರೆಯಲಿಲ್ಲ. ಉದ್ದಣ್ಣನಿಗೆ ಡಾಕ್ಟರು ಇದ್ದಾರಲ್ಲ, ನನ್ನ ಎಡವಟ್ಟು ಅವನಿಗೇಕೆ ಎಂದುಕೊಂಡೆ.

ಈಗ ಬೇರೆ ರೀತಿಯಲ್ಲಿ ಮಾಡುತ್ತಿದ್ದೇವೆ. ಜೀವಕೋಶಗಳನ್ನು ಮುಟ್ಟುವುದೇ ಇಲ್ಲ. ಬೆಳಕು ಬಿದ್ದರೆ ಮೆತ್ತಗಾಗುವ ಒಂದು ಜೆಲ್ ಇದೆ. ಅವು ಅದರ ಮೇಲೆ ಇದ್ದಲ್ಲೇ ಇರುತ್ತವೆ, ಕೆಳಗಿನ ನೆಲ ಮಾತ್ರ ಮೆತ್ತಗಾಗುತ್ತದೆ. ಪಕ್ಕದಲ್ಲಿ ಲಿವರ್‌ನ ಜೀವಕೋಶಗಳನ್ನೂ ಬೆಳೆಸುತ್ತೇವೆ, ಒಂಟಿಯಾಗಿ ಬಿಡುವುದಿಲ್ಲ. ಹಾಗೆ ಮಾಡಿದಾಗ ಕೆಲವು ತೆರೆದಿವೆ. ಎಲ್ಲ ಅಲ್ಲ. ಒಂದು ಡಿಶ್‌ನಲ್ಲಿ ಒಂದೂ ಇಲ್ಲ, ಯಾಕೆಂದು ಗೊತ್ತಿಲ್ಲ. ಆದರೆ ಕೆಲವು ತೆರೆದಿವೆ, ನಾನು ಕಣ್ಣಾರೆ ನೋಡಿದೆ, ಮೇಡಂ ನೋಡಿದರು.

ಇದು ಡಿಶ್. ನೀನು ಡಿಶ್ ಅಲ್ಲ. ನಿನ್ನ ಲಿವರ್ ಏನು ಮಾಡುತ್ತದೆ ಎಂದು ನನಗೆ ಗೊತ್ತಿಲ್ಲ, ಗೊತ್ತಿದ್ದವಳ ಹಾಗೆ ಬರೆದದ್ದೇ ನಾನು ಮಾಡಿದ ಅನ್ಯಾಯ. ಡಾಕ್ಟರು ಹೇಳಿದ್ದೇ ಸರಿ. ಮೊದಲು ಆ ಯಂತ್ರದ ಮನೆಯಿಂದ ಹೊರಗೆ ಬಾ. ಇವತ್ತೇ ಬಾ. ಆಮೇಲೆ ಆಸ್ಪತ್ರೆಗೆ ಹೋಗು. ನಾನು ರಜೆ ಕೇಳಿದ್ದೇನೆ. ನೀನು ಬೇಡ ಎಂದರೆ ಬರುವುದಿಲ್ಲ, ಆದರೆ ಬೇಡ ಎನ್ನಬೇಡ.

ಕುಡಿಯುತ್ತಾನೆಯೇ ಎಂದು ಕೇಳಿದ್ದೆನಲ್ಲ. ನಿನ್ನನ್ನು.

ಪುಟ್ಟಿ


ಜೂನ್ 21

ಅಣ್ಣಾ,

ಕಾಗದ ತಲುಪಿತಂತೆ. ಅತ್ತಿಗೆ ಫೋನಿನಲ್ಲಿ "ಇವತ್ತೇ ಬಂತು, ಓದಿ ಮಡಚಿ ಜೇಬಲ್ಲಿಟ್ಕೊಂಡ್ರು" ಎಂದರು. ಬೇರೇನೂ ಕೇಳಲು ನನಗೆ ಧೈರ್ಯ ಬರಲಿಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂತರೆ ಪರದೆಯ ಮೇಲಿನದು ಯಾರದೋ ಲಿವರ್ ಎನಿಸುವುದಿಲ್ಲ. ಇವತ್ತು ಅರ್ಧಕ್ಕೇ ಎದ್ದು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಮೇಡಂ ಬಂದು ಪಕ್ಕದಲ್ಲಿ ಕೂತರು.

ಬೈದಾದರೂ ಬರೆ. ಒಂದು ಸಾಲು ಸಾಕು.

ಪುಟ್ಟಿ


ಜುಲೈ 3

ಪುಟ್ಟೀ,

ಕೆಲಸ ಬಿಟ್ಟೆ. ನಿನ್ನ ಕಾಗದ ಬಂದ ಮಾರನೆಯ ದಿನವೇ ಬಿಟ್ಟೆ. ಮಾಲೀಕರು ಕಾರಣ ಕೇಳಿದರು. ಹೇಳಿದೆ. ಅವರು ಒಂದು ಹೆಜ್ಜೆ ಹಿಂದೆ ಸರಿದು ಯಂತ್ರದ ಕಡೆ ನೋಡಿದರು. ಉದ್ದಣ್ಣನೂ ನನ್ನ ಹಿಂದೆಯೇ ಹೊರಗೆ ಬಂದ. ಅವನ ಲಿವರ್ ಇನ್ನೂ ಕಲ್ಲು ಕರಗಿಸುತ್ತದಂತೆ, ಆದರೂ ತಟ್ಟಿಸಿ ನೋಡಿಕೊಳ್ಳುತ್ತೇನೆ ಎಂದ.

ಆಸ್ಪತ್ರೆಗೆ ನಿನ್ನತ್ತಿಗೆಯೇ ಕರೆದುಕೊಂಡು ಹೋದಳು. ನಾನು ಹಿಂದೆ ಕೂತಿದ್ದೆ. ಡಾಕ್ಟರಮ್ಮ ಮತ್ತೆ ತಟ್ಟಿಸಿದರು. ಇಷ್ಟು ದಿನ ಎಲ್ಲಿದ್ದಿರಿ ಎಂದು ಕೇಳಿದರು.

ಗಟ್ಟಿತನ ಏರಿದೆ, ಪುಟ್ಟೀ. ಫೆಬ್ರವರಿಯಲ್ಲಿ ಇದ್ದದ್ದಕ್ಕಿಂತ ಏರಿದೆ. ಇನ್ನೂ ಕೈಮೀರಿಲ್ಲ, ಆದರೆ ಆಗಲೇ ಬಂದಿದ್ದರೆ ಚೆನ್ನಾಗಿತ್ತು ಎಂದರು. ಒಳಗಿಂದ ಒಂದು ಚೂರು ತೆಗೆದು ನೋಡಬೇಕಂತೆ, ಪಕ್ಕೆಗೆ ಸೂಜಿ ಹಾಕಿ. ಇಪ್ಪತ್ತನೇ ತಾರೀಕು. ಇಳಿಯುತ್ತದೆಯೇ ಎಂದು ಕೇಳಿದೆ. "ಇಳೀಬಹುದು. ಆಣೆ ಮಾಡಿ ಹೇಳೋಕಾಗಲ್ಲ" ಎಂದರು. ನೀನು ಬರೆದ ಹಾಗೆಯೇ ಹೇಳಿದರು.

ನಿನಗೆ ಏನೂ ಏರಿಲ್ಲ ಎಂದು ಬರೆಯಬೇಕೆಂದಿದ್ದೆ. ಬರೆದೂ ಆಗಿತ್ತು. ನಿನ್ನತ್ತಿಗೆ ಆ ಕಾಗದವನ್ನು ಕಿತ್ತುಕೊಂಡು, "ಇನ್ನೊಬ್ಬ ಉದ್ದಣ್ಣನ್ನ ಹುಟ್ಟಿಸ್ಬೇಡಿ" ಎಂದು ಹರಿದು ಹಾಕಿದಳು. ಆಮೇಲೆ, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ ಎಂದು ಬರೆಯಲು ಕೂತೆ. ಅದೂ ಆಗಲಿಲ್ಲ. ಸ್ವಲ್ಪ ನಿನ್ನದಿದೆ. ಹೆಚ್ಚು ನನ್ನದು. ನನಗೆ ಎಂದು ಕೇಳಿದ್ದರೆ ನೀನು ಆ ಸಾಲನ್ನು ಹಾಗೆ ಬರೆಯುತ್ತಿರಲಿಲ್ಲ. ಅಷ್ಟು ನನಗೆ ಗೊತ್ತಿದೆ, ಅದಕ್ಕೇ ಕೇಳಲಿಲ್ಲ. ನನಗೆ ಸಮಾಧಾನದ ಮಾತು ಬೇಡವಾಗಿತ್ತು. ಈಗ ಬೇಕಾಗಿದೆ.

ಯಂತ್ರದ ಮನೆಗೆ ಹೋಗದೆ ಕೂತರೆ ಹಗಲು ಬಹಳ ಉದ್ದ. ಕಿಟಕಿಯ ಹತ್ತಿರ ಕೂತು ಬಲಪಕ್ಕೆಯ ಮೇಲೆ ಕೈಯಿಟ್ಟುಕೊಳ್ಳುತ್ತೇನೆ. ಒಳಗೆ ಏನಾಗುತ್ತಿದೆಯೋ ಹೊರಗಿನಿಂದ ಏನೂ ತಿಳಿಯುವುದಿಲ್ಲ. ಸೂಜಿಯ ಬಗ್ಗೆ ಯೋಚಿಸಿದರೆ ಬೆನ್ನು ಬೆವರುತ್ತದೆ. ಅದರ ಮೇಲೆ ಬರುವ ಉತ್ತರದ ಬಗ್ಗೆ ಯೋಚಿಸುವುದೇ ಇಲ್ಲ.

ಬೇಡ ಎಂದಿದ್ದೆ, ಅದನ್ನು ಬಿಡು. ಇಪ್ಪತ್ತಕ್ಕೆ ಮುಂಚೆ ಬಾ. ಬಂದು ಏನು ಹೇಳಲಿ ಎಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬರಬೇಡ, ಗೆಲುವಿನ ಮುಖ ಹಾಕಿಕೊಂಡೂ ಬರಬೇಡ. ಹೆದರಿಕೊಂಡೇ ಬಾ.

ಅಣ್ಣ